ಗೇಣು ದೂರದ ದಂಡು

ನಮ್ಮ ಮನೆಯ ಕಬ್ಬಿಣದ ಬೀರುವಿನ ಎಡಮಗ್ಗುಲಿಗೆ ಒಂದು ದಂಡು ಅಡ್ಡಡ್ಡಲಾಗಿ ಅಂಟಿಕೊಂಡು ನಿಂತಿದೆ. ಕಾಲಾಳುಗಳು, ಕುದುರೆಯವರು, ಎರಡು ಆನೆ, ಒಬ್ಬ ಕಹಳೆಯವನು. ಕಾಲಾಳು ಯಾರೂ ಕಿರುಬೆರಳಿಗಿಂತ ಎತ್ತರವಿಲ್ಲ. ಪ್ರತಿಯೊಬ್ಬರ ಕಾಲಡಿ ಒಂದು ಕೋಟಿನ ಗುಂಡಿ, ಗುಂಡಿಯ ಅಡಿಗೆ ತೊಗರಿಕಾಳಿನಷ್ಟು ಅಯಸ್ಕಾಂತ. ಅದಕ್ಕೇ ಬೀಳದೆ ನಿಂತಿದ್ದಾರೆ. ಮನೆಗೆ ಬಂದವರು, "ಇದೇನವಾ, ಆಟಿಗಿ ಸಾಮಾನು ಇಲ್ಲ್ಯಾಕ ಹಚ್ಚೀದಿ?" ಎಂದು ಕೇಳುತ್ತಾರೆ. "ನಮ್ಮ ಸಾಹೇಬ್ರವು. ಒಯ್ಯಾಕ ಬರ್ತಾರ," ಎಂದು ಹೇಳಿ ನಾನು ಚಹಾ ಇಡಲು ಒಳಗೆ ಹೋಗುತ್ತಿದ್ದೆ. ಸಾಹೇಬರು ತೀರಿಕೊಂಡ ಮೇಲೂ ಒಮ್ಮೆ ಬಾಯಿಗೆ ಅದೇ ಮಾತು ಬಂದುಬಿಟ್ಟಿತು. ಅವತ್ತು ಚಹಾ ಉಕ್ಕಿ ಒಲೆಯೆಲ್ಲ ಹಾಳಾಗುತ್ತಿದ್ದರೂ ನಾನು ಸುಮ್ಮನೆ ನೋಡುತ್ತಾ ನಿಂತಿದ್ದೆ.

ಸಾಹೇಬರೆಂದರೆ ದೊಡ್ಡ ಅಧಿಕಾರಿಯೇನಲ್ಲ. ಕೊಟ್ಟೂರು ಬಸ್ ನಿಲ್ದಾಣದ ಕಂಟ್ರೋಲರ್. ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ಹಾದಿಯಲ್ಲಿ ಕೆಟ್ಟು ಕೂತಿತು ಎಂದು ನೋಡಿಕೊಂಡು, ಕಿಟಕಿಯೊಳಗಿಂದ ಮೈಕಿನಲ್ಲಿ ಕೂಗುವ ಕೆಲಸ. ನಾನು ಕೊಟ್ಟೂರು–ಹಡಗಲಿ ಬಸ್ಸಿಗೆ ಕಂಡಕ್ಟರಾಗಿ ಬಂದಾಗ ನಮ್ಮ ಕಡೆಯ ಜನ ಹೆಣ್ಣು ಕಂಡಕ್ಟರನ್ನು ಇನ್ನೂ ಕಣ್ಣರಳಿಸಿ ನೋಡುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬಂದ ವಾರವೇ ಒಬ್ಬ ಪ್ರಯಾಣಿಕನ ಜೊತೆ ಜಗಳಾಡಿ, ಕಣ್ಣು ಕೆಂಪಗೆ ಮಾಡಿಕೊಂಡು ಕಂಟ್ರೋಲ್ ರೂಮಿಗೆ ಹೋಗಿ ನಿಂತೆ. ಅವರು ಏನಾಯಿತೆಂದು ಕೇಳಲಿಲ್ಲ. ಕುರ್ಚಿ ಸರಿಸಿ, "ಕುಂದ್ರವಾ ತಂಗಿ. ಚಾ ಹಾದ್ಯಾಗೈತಿ," ಎಂದರು.

"ಹಾದ್ಯಾಗೈತಿ" ಎನ್ನುವುದು ಅವರ ಬಾಯಲ್ಲಿ ಸದಾ ಇರುವ ಮಾತು. ಹರಪನಹಳ್ಳಿ ಬಸ್ಸು ಎಲ್ಲಿದೆ ಎಂದರೆ ಹಾದ್ಯಾಗೈತಿ. ಬಸ್ಸು ಡಿಪೋ ಬಿಟ್ಟೇ ಇರದಿದ್ದರೂ ಹಾದ್ಯಾಗೈತಿ. ವರ್ಗಾವಣೆ, ಮಳೆ, ಸಾಹೇಬರ ಮನೆಯ ಗ್ಯಾಸ್ ಸಿಲಿಂಡರು, ಎಲ್ಲವೂ ಹಾದಿಯಲ್ಲೇ ಇರುತ್ತಿದ್ದವು. ಸುಳ್ಳು ಯಾಕೆ ಹೇಳುತ್ತೀರಿ ಎಂದು ನಾನು ಒಮ್ಮೆ ತಗಾದೆ ತೆಗೆದೆ.

"ಬಸ್ಸು ಇಲ್ಲ ಅಂದ್ರ ಮಂದೀ ಕಾಲು ಸೋಲ್ತಾವಲ್ಲವಾ. ಹಾದ್ಯಾಗೈತಿ ಅಂದ್ರ ನಿಂದ್ರತಾರ," ಎಂದು ನಕ್ಕರು.

ದೊಡ್ಡ ಮೈ, ಮೊರದಂಥ ಅಂಗೈ, ಆದರೆ ದನಿ ಮಾತ್ರ ಮೈಕಿಲ್ಲದಿದ್ದರೆ ಪಕ್ಕದವರಿಗೂ ಕೇಳದು. ಯಾರ ಜೊತೆಯೂ ಜಗ್ಗಾಡಿದವರಲ್ಲ. ಡ್ರೈವರುಗಳು ಬೈದರೂ, "ಆತು ಬಿಡಪಾ," ಎಂದು ಕೈ ಎತ್ತಿಬಿಡುತ್ತಿದ್ದರು. ಎದುರಿನವರು ಗಾಬರಿಯಾದರೆ, ಅಳುವ ಹಾಗಾದರೆ, ಅವರ ಕೈಯಲ್ಲಿ ತಡೆದುಕೊಳ್ಳಲು ಆಗುತ್ತಿರಲಿಲ್ಲ. ತಾವೇ ಸೋತು ಮುಗಿಸಿಬಿಡುತ್ತಿದ್ದರು. ಈ ಗುಣ ನಮಗೆಲ್ಲ ಬಹಳ ಅನುಕೂಲವಾಗಿತ್ತು ಎಂದು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅವರ ದಂಡಿನ ಹುಚ್ಚು ಶುರುವಾದದ್ದು ಮೊಬೈಲಿನಿಂದ. ಯಾವುದೋ ದೇಶದ ಗಂಡಸರು ದೊಡ್ಡ ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಯುದ್ಧ ಆಡುವ ವಿಡಿಯೋ ಅವರ ಕಣ್ಣಿಗೆ ಬಿತ್ತು. ತಾವೂ ಮಾಡಲು ಕೂತರು. ತಂತಿ ಬಗ್ಗಿಸಿ ಮೈಕಟ್ಟು, ಅದರ ಮೇಲೆ ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ ಆ ಎರಡು ಬಣ್ಣದ ಅಂಟುಮೇಣ, ಒಣಗಿದ ಮೇಲೆ ಎನಾಮಲ್ ಬಣ್ಣ. ಒಂದು ದಂಡು ಹರಪನಹಳ್ಳಿ ಪಾಳೆಯಗಾರರದು, ಇನ್ನೊಂದು ಅವರ ಮೇಲೆ ಏರಿ ಬರುವ ಹೆಸರಿಲ್ಲದ ಶತ್ರುವಿನದು. ರಣರಂಗಕ್ಕೆ ಬಸ್ಸಿನ ಮುಂದೆ ಸಿಗಿಸುತ್ತಿದ್ದ ಹಳೆಯ ತಗಡಿನ ಬೋರ್ಡು. ಒಂದು ಮಗ್ಗುಲಲ್ಲಿ "ಕೊಟ್ಟೂರು – ಕೂಡ್ಲಿಗಿ" ಎಂದು ಬರೆದಿದ್ದರೆ, ಇನ್ನೊಂದು ಮಗ್ಗುಲಲ್ಲಿ ಅವರು ಗುಡ್ಡ, ಹಳ್ಳ, ಕೋಟೆಗೋಡೆ ಬರೆದಿದ್ದರು.

ಆ ದಿನಗಳಲ್ಲಿ ಅವರನ್ನು ಕೆಲ ಕಾಲ ಕೂಡ್ಲಿಗಿಗೆ ಹಾಕಿದ್ದರು. ಕೆಲಸದ ನಡುವೆ ಬಿಡುವಾದಾಗ ಆಡೋಣವೆಂದು ದಂಡನ್ನು ಬೋರ್ಡಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡೇ ಬಸ್ಸು ಹತ್ತಿದರು. ಹಾದಿ ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ಸಂಜೆ ಬಂದು, "ಅರ್ಧ ಹಾದಿ ಮುಟ್ಟೋದ್ರೊಳಗ ದಂಡೆಲ್ಲ ಮಕಾಡೆ ಮಲಗಿತ್ತು ತಂಗಿ. ಯುದ್ಧನಾ ಆಗಿಲ್ಲ, ಎಲ್ಲಾರೂ ಸತ್ತು ಕುಂತಾರ," ಎಂದರು. ಆನೆಯ ಸೊಂಡಿಲು ಮುರಿದಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು.

ಮ್ಯಾಗ್ನೆಟ್ಟಿನ ಉಪಾಯ ಬಂದದ್ದು ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಮಾಡುವ ಭಾಯಿಯ ಅಂಗಡಿಯಲ್ಲಿ ಕೂತಾಗ. ಸತ್ತ ಇಯರ್‌ಫೋನ್ ಬಿಚ್ಚಿದರೆ ಒಳಗೆ ಕಾಳಿನಷ್ಟು ಅಯಸ್ಕಾಂತ ಇರುತ್ತದೆ, ಅದು ಸ್ಕ್ರೂಡ್ರೈವರಿಗೆ ಟಪ್ಪನೆ ಅಂಟಿಕೊಂಡಿತಂತೆ. ಅಲ್ಲಿಂದ ಮುಂದೆ ನಮ್ಮ ಕಂಡಕ್ಟರುಗಳಿಗೆಲ್ಲ ಒಂದು ಹೊಸ ಕೆಲಸ ಹಚ್ಚಿದರು. ಬಸ್ಸು ಗುಡಿಸುವಾಗ ಸೀಟಿನ ಸಂದಿಯಲ್ಲಿ ಹರಿದ ಇಯರ್‌ಫೋನ್ ಸಿಕ್ಕರೆ ಸಾಹೇಬರಿಗೆ ತಂದುಕೊಡಬೇಕು. ಚೆನ್ನಾಗಿರುವುದಾದರೆ ಮುಟ್ಟುತ್ತಿರಲಿಲ್ಲ. ಮೈಕಿನಲ್ಲಿ, "ಯಾರೋ ಕಿವ್ಯಾಗಿಂದು ಬಿಟ್ಟು ಹೋಗ್ಯಾರ, ಬಂದು ಒಯ್ರಿ," ಎಂದು ಕೂಗುತ್ತಿದ್ದರು. ಸತ್ತದ್ದು ಮಾತ್ರ ದಂಡಿಗೆ.

ಆ ಕೆಲಸ ಅವರು ಮಾಡುವುದನ್ನು ನೋಡಬೇಕಿತ್ತು. ಭಾಯಿಯ ಮನೆಯಲ್ಲಿ ನಮಾಜಿನ ದಿಕ್ಕು ನೋಡುವ ಒಂದು ಹಳೆಯ ದಿಕ್ಸೂಚಿ ಇತ್ತು. ಅದನ್ನು ಇವರಿಗೆ ಕೊಟ್ಟಿದ್ದ. ಪ್ರತಿ ಮ್ಯಾಗ್ನೆಟ್ಟನ್ನೂ ದಿಕ್ಸೂಚಿಯ ಹತ್ತಿರ ಹಿಡಿದು, ಸೂಜಿ ಯಾವ ಮಗ್ಗುಲಿಗೆ ಹೊರಳುತ್ತದೆಂದು ನೋಡಿ, ಒಂದು ಮೈಗೆ ಹೆಂಡತಿಯ ಉಗುರುಬಣ್ಣ ಕೆಂಪಗೆ ಹಚ್ಚುತ್ತಿದ್ದರು. ಪಾಳೆಯಗಾರರ ದಂಡಿಗೆ ಕೆಂಪು ಮೇಲಾಗಿ, ಶತ್ರುವಿನ ದಂಡಿಗೆ ಕೆಂಪು ಕೆಳಗಾಗಿ ಅಂಟಿಸಬೇಕು. ಹಾಗೆ ಮಾಡಿದರೆ ಒಂದೇ ದಂಡಿನವರನ್ನು ಒತ್ತೊತ್ತಾಗಿ ನಿಲ್ಲಿಸಲು ಹೋದರೆ ಮೆಲ್ಲಗೆ ಒಬ್ಬರನ್ನೊಬ್ಬರು ತಳ್ಳುತ್ತಾರೆ, ಸಾಲು ತಾನಾಗಿ ಬಿಡಿಬಿಡಿಯಾಗುತ್ತದೆ. ಶತ್ರುಗಳು ಎದುರಾದರೆ ಮಾತ್ರ ಟಕ್ಕನೆ ಹಾರಿ ಅಂಟಿಕೊಳ್ಳುತ್ತಾರೆ, ಬಿಡಿಸಲು ಉಗುರು ಬೇಕು.

"ನೋಡವಾ, ನಮ್ಮೋರು ನಮ್ಮೋರನ್ನ ದಬ್ತಾರ, ವೈರಿ ಬಂದು ತಬ್ಬಿಕೊಂತಾನ. ಎಲ್ಲರ ಮನ್ಯಾಗೂ ಹಿಂಗ ಐತಿ," ಎನ್ನುವರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವರ ದಂಡಿನ ಮುಖಗಳೆಲ್ಲ ನಮ್ಮವೇ. ಬೊಜ್ಜಿನ ಡ್ರೈವರು ಆನೆಯ ಮೇಲೆ. ಟಿಕೆಟ್ ಚೀಲ ನೇತುಹಾಕಿಕೊಂಡು ಬಾವುಟ ಹಿಡಿದ ಹೆಂಗಸು ನಾನು. ಮೂಗಿನ ತುದಿಗೆ ಒಂದು ಚುಕ್ಕೆ ಕೆಂಪು ಬೇರೆ ಇಟ್ಟಿದ್ದರು. ದಂಡಿನ ಹಿಂದೆ ರೊಟ್ಟಿ ಬಡಿಯುತ್ತಾ ಕೂತವಳು ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು. ಊಟವಿಲ್ಲದೆ ದಂಡು ನಡೆಯುವುದಿಲ್ಲ, ಆದ್ದರಿಂದ ಅವಳನ್ನು ಶತ್ರು ಹಿಡಿದರೆ ಒಂದು ಸುತ್ತು ಯಾರೂ ಕದಲುವಂತಿಲ್ಲ ಎಂಬ ನಿಯಮ. "ಕುದುರಿ ಮ್ಯಾಲ ಕುಂದ್ರಸೋದು ಬಿಟ್ಟು ಇಲ್ಲೂ ರೊಟ್ಟಿ ಬಡಿಯಾಕ ಹಚ್ಚೀರೇನ್ರಿ ನನ್ನ," ಎಂದು ಅತ್ತಿಗೆ ವಾರಗಟ್ಟಲೆ ಮುನಿಸಿಕೊಂಡಿದ್ದರು. ಆಮೇಲೆ ಗೊತ್ತಾಯಿತು, ರೊಟ್ಟಿಯವಳಿಗೆ ಮ್ಯಾಗ್ನೆಟ್ಟನ್ನು ತಿರುವುಮುರುವಾಗಿ ಅಂಟಿಸಿದ್ದಾರೆ. ಅವಳನ್ನು ಹತ್ತಿರ ಇಟ್ಟರೆ ನಮ್ಮ ದಂಡಿನವರೆಲ್ಲ ಬಂದು ಅವಳಿಗೆ ಅಂಟಿಕೊಳ್ಳುತ್ತಿದ್ದರು. ತಪ್ಪಾಗಿದೆ ಸಾಹೇಬ್ರ, ಕಿತ್ತು ಹಚ್ಚಿ ಎಂದೆ. "ಇರ್ಲಿ ಬಿಡು. ಆಕಿ ಹಂಗ ಅದಾಳ," ಎಂದರು. ಅತ್ತಿಗೆಯ ಮುನಿಸು ಅವತ್ತೇ ಇಳಿಯಿತು.

ಭಾನುವಾರ ನಾನು ಕೊಟ್ಟೂರಿಗೆ ಹೋಗಿ ಆಡುತ್ತಿದ್ದೆ. ವಿಡಿಯೋದವರು ಅಳತೆಪಟ್ಟಿ ಬಳಸಿದರೆ ನಮ್ಮದು ಗೇಣಿನ ಲೆಕ್ಕ. ಕಾಲಾಳು ಒಂದು ಗೇಣು, ಕುದುರೆ ಎರಡು. ಯಾರ ಗೇಣು ಎಂಬ ಜಗಳ ಬರಬಾರದೆಂದು ಸಾಹೇಬರು ಒಂದು ಕಟ್ಟಳೆ ಮಾಡಿದ್ದರು. ನನ್ನ ಆಳು ನಡೆಯುವುದಾದರೆ ಅವರ ಗೇಣು, ಅವರ ಆಳು ನಡೆಯುವುದಾದರೆ ನನ್ನ ಗೇಣು. ಅಳೆಯುವುದು ಯಾವಾಗಲೂ ಎದುರಾಳಿಯ ಕೈ. ಸಾಹೇಬರು ಆ ಮೊರದಂಥ ಅಂಗೈಯನ್ನು ಹೆಬ್ಬೆರಳು ಬಿಳುಪೇರುವ ಹಾಗೆ ಚಾಚಿ ನನ್ನ ಸೈನಿಕರಿಗೆ ನೆಲ ಕೊಡುತ್ತಿದ್ದರು. ನನ್ನ ಕೈ ಮೊದಲೇ ಚಿಕ್ಕದು. ಅದರಲ್ಲೂ ಅವರ ಕುದುರೆ ನನ್ನ ಕೋಟೆಯ ಹತ್ತಿರ ಬಂದಾಗ ಕಿರುಬೆರಳನ್ನು ಸ್ವಲ್ಪ ಮಡಚಿಯೇ ಅಳೆಯುತ್ತಿದ್ದೆ. ಅವರಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. "ಆತು ಬಿಡವಾ, ಅಷ್ಟ ಐತಿ," ಎಂದು ಕುದುರೆಯನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಬಹಳ ಸಲ ನಾನೇ ಗೆದ್ದಿದ್ದೇನೆ.

ಒಂದು ಮಧ್ಯಾಹ್ನ ಮೈಕಿನಲ್ಲಿ ಹಡಗಲಿ ಬಸ್ಸು ಕೂಗುತ್ತಿರುವಾಗಲೇ ಅವರ ದನಿ ನಿಂತಿತು. ಕಣ್ಣು ಕತ್ತಲೆ ಬಂದು ಮೇಜಿನ ಮೇಲೆ ಒರಗಿದ್ದರು. ದಾವಣಗೆರೆಗೆ ಕರೆದುಕೊಂಡು ಹೋದೆವು. ಅವರಿಗೆ ಮಕ್ಕಳಿಲ್ಲ, ಅತ್ತಿಗೆಯ ಜೊತೆಗೆ ನಾನು ರಜೆ ಹಾಕಿ ಹೋಗಿದ್ದೆ. ಹೃದಯದ ಬಡಿತ ಹಾದಿ ತಪ್ಪುತ್ತಿದೆ ಎಂದು ಎಡಹೆಗಲ ಕೆಳಗೆ ಪೇಸ್‌ಮೇಕರ್ ಇಟ್ಟರು. ಎಚ್ಚರವಾದ ಮೇಲೆ ಸಾಹೇಬರು ಪಟ್ಟಿ ಹಾಕಿದ ಜಾಗವನ್ನು ಕಣ್ಣಲ್ಲೇ ತೋರಿಸಿ, "ನನಗೂ ಒಂದು ಗುಂಡಿ ಹಚ್ಚ್ಯಾರ ನೋಡು ತಂಗಿ. ಇನ್ನ ಬೀಳಂಗಿಲ್ಲ," ಎಂದರು.

ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು, ಮೊಬೈಲನ್ನು ಎಡಜೇಬಿನಲ್ಲಿ ಇಡಬಾರದು, ಮ್ಯಾಗ್ನೆಟ್ ಇರುವ ವಸ್ತುವನ್ನು ಎದೆಯ ಹತ್ತಿರ ತರಬಾರದು ಎಂದು ಹೇಳಿದರು. ಅತ್ತಿಗೆ ನನ್ನ ಮುಖ ನೋಡಿದರು. ನಾನು ದಂಡಿನ ವಿಷಯ ಎತ್ತಿದೆ. ಡಾಕ್ಟರಿಗೆ ನಗು ಬಂತು. ಕೈ ಚಾಚಿ, ಹೆಬ್ಬೆರಳಿಂದ ಕಿರುಬೆರಳವರೆಗೆ ತೋರಿಸಿ, "ಒಂದು ಗೇಣು ದೂರ ಇರಲಿ ಸಾಕು. ಆಡಲಿ, ಪಾಪ," ಎಂದರು. ನಾವಿಬ್ಬರೂ ಕೇಳಿಸಿಕೊಂಡೆವು. ಸಾಹೇಬರೂ ಕೇಳಿಸಿಕೊಂಡರು.

ಅವರನ್ನು ಒಳಗೆ ಬಿಟ್ಟು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಅತ್ತಿಗೆ ಶುರು ಮಾಡಿದರು.

"ಡಾಕ್ಟ್ರು ಗೇಣು ಅಂದ್ರು. ನಾವು ಮೊಳ ಅಂತ ಇಟಗೊಂಡ್ರಾತು."

"ಮೊಳ ಸಾಲದ್ರಿ ಅತ್ತಿಗಿ. ಮಾರು ಇರ್ಲಿ," ಎಂದೆ.

"ನಿದ್ದಿಗಣ್ಣಾಗ ಕೈ ಹಾಕಿದ್ರ? ಅವರು ಮಲಗೋ ಖೋಲ್ಯಾಗ ಬ್ಯಾಡಾ ಬ್ಯಾಡ."

"ಖೋಲಿ ಬ್ಯಾಡ, ಮನ್ಯಾಗ ಇದ್ರ ಎದ್ದು ಹೋಗಿ ಮುಟ್ಟತಾರ. ನಮ್ಮ ಮನಿಗೆ ಒಯ್ತೀನಿ. ಹಗರಿಬೊಮ್ಮನಹಳ್ಳಿಗಂತೂ ಅವರ ಕೈ ಮುಟ್ಟಂಗಿಲ್ಲ."

ಸಂತೆಯಲ್ಲಿ ಹರಾಜು ಕೂಗಿದ ಹಾಗೆ ಇಬ್ಬರೂ ಏರಿಸುತ್ತಾ ಹೋದೆವು. ಯಾರಿಗೆ ಅವರ ಮೇಲೆ ಹೆಚ್ಚು ಕಾಳಜಿ ಎಂದು ತೋರಿಸಿಕೊಳ್ಳುವ ಆಸೆ ಇಬ್ಬರಿಗೂ. ಬರೀ ಕಾಳಜಿ ಎಂದರೆ ಪೂರ್ತಿ ನಿಜವಲ್ಲ. ಏನಾದರೂ ಆದರೆ ನಮ್ಮ ತಲೆಗೆ ಬಂದೀತು ಎಂಬ ಅಂಜಿಕೆಯೂ ಇತ್ತು. ಗೇಣು ಎಂದರೆ ದಿನಾ ಕಣ್ಣಿಟ್ಟು ಕಾಯಬೇಕು. ಬೇರೆ ಊರು ಎಂದರೆ ಯಾರೂ ಕಾಯಬೇಕಿಲ್ಲ. ಅಂದಹಾಗೆ ಮೊಬೈಲೂ ಅಷ್ಟೇ ದೂರ ಎಂದಿದ್ದರು ಡಾಕ್ಟರು. ಮೊಬೈಲನ್ನು ನಾವು ಕಸಿದುಕೊಳ್ಳಲಿಲ್ಲ, ನಮಗೆ ಅವರ ಜೊತೆ ಮಾತಾಡಬೇಕಿತ್ತಲ್ಲ.

ದಂಡನ್ನು ತಗಡಿನ ಪೆಟ್ಟಿಗೆಗೆ ತುಂಬುವಾಗ ಸಾಹೇಬರು ಮಂಚದ ಮೇಲೆ ಕೂತಿದ್ದರು. ಶತ್ರುಗಳೂ ನಮ್ಮವರೂ ಗಟ್ಟಿಯಾಗಿ ಅಂಟಿಕೊಂಡು ಮುದ್ದೆಯಾದರು. "ಬ್ಯಾರೆ ಬ್ಯಾರೆ ಇಡವಾ, ಬಣ್ಣ ಕೀಳತೈತಿ," ಎಂದರು. ಆಮೇಲೆ ಬಲಗೈಯನ್ನು ಪೂರ್ತಿ ಚಾಚಿ ಹಾಸಿಗೆಯ ಮೇಲೆ ಇಟ್ಟು, "ಗೇಣು ಅಂದಿದ್ರು," ಎಂದರು. ಅಷ್ಟೇ. ಅತ್ತಿಗೆಯ ಕಣ್ಣಲ್ಲಿ ನೀರು ಬಂದದ್ದು ಕಂಡು ಕೈ ಮಡಚಿಕೊಂಡರು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕೋಗಳಿ ದಾಟುವವರೆಗೂ ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ ಇತ್ತು ನನಗೆ.

ಕೆಲವು ದಿನ ಬಿಟ್ಟು ನೋಡಲು ಹೋದೆ. ಸಾಹೇಬರು ಪಡಸಾಲೆಯ ನೆಲದ ಮೇಲೆ ದಿಕ್ಸೂಚಿ ಇಟ್ಟುಕೊಂಡು ಕೂತಿದ್ದರು. ಎಲ್ಲೋ ಮೂಲೆಯಲ್ಲಿ ಉಳಿದಿದ್ದ ಒಂದು ಮ್ಯಾಗ್ನೆಟ್ಟು ಅವರಿಗೆ ಸಿಕ್ಕಿತ್ತು. "ಬಾ ತಂಗಿ, ಇಲ್ಲಿ ನೋಡು. ಇಷ್ಟು ದೂರ ಆದ್ರ ಸೂಜಿ ಸೈತ ಹಂದಂಗಿಲ್ಲ, ಅಳ್ಳಾಡಂಗಿಲ್ಲ," ಎಂದು ಉತ್ಸಾಹದಿಂದ ತೋರಿಸಲು ಹೊರಟರು. ಮ್ಯಾಗ್ನೆಟ್ಟು ಅವರ ಕೈಯಲ್ಲಿ ಕಂಡದ್ದೇ ಅತ್ತಿಗೆ ಚೀರಿದರು. ನಾನು ಸೂಜಿಯ ಕಡೆ ನೋಡಲೂ ಇಲ್ಲ. "ಸಣ್ಣ ಹುಡುಗರಂಗ ಮಾಡಬ್ಯಾಡ್ರಿ ಸಾಹೇಬ್ರ. ನಿಮಗೇನರ ಆದ್ರ ಅತ್ತಿಗಿ ಗತಿ ಏನು?" ಎಂದು ಬಸ್ಸಿನಲ್ಲಿ ಗದರುವ ದನಿಯಲ್ಲೇ ಗದರಿದೆ. ಅವರು ಎರಡೂ ಕೈ ಎತ್ತಿ, "ಆತು ಬಿಡ್ರವಾ, ಆತು ಬಿಡ್ರಿ," ಎಂದರು. ಅತ್ತಿಗೆ ಆ ಮ್ಯಾಗ್ನೆಟ್ಟನ್ನು ಗಟಾರಕ್ಕೆ ಎಸೆದು ಬಂದರು.

ಆಮೇಲೆ ಅವರು ಆ ಮಾತೆತ್ತಲಿಲ್ಲ. ಮ್ಯಾಗ್ನೆಟ್ಟಿಲ್ಲದೆ ಒಂದಿಬ್ಬರು ಹೊಸ ಸೈನಿಕರನ್ನು ಮಾಡಿ ನೋಡಿದರು. ಫ್ಯಾನು ಹಾಕಿದರೆ ಬಿದ್ದರು. ಮೂರನೆಯವನನ್ನು ಮಾಡಲಿಲ್ಲ. ಕೆಲಸಕ್ಕೂ ಮತ್ತೆ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿರುವುದು ಹೆಚ್ಚಾಯಿತು ಎಂದು ಅತ್ತಿಗೆ ಫೋನಿನಲ್ಲಿ ಹೇಳುತ್ತಿದ್ದರು. ಸುಧಾರಿಸಿಕೊಳ್ಳಲಿ ಬಿಡಿ ಎನ್ನುತ್ತಿದ್ದೆ ನಾನು.

ನನಗೆ ಅವರೇ ಫೋನ್ ಮಾಡಿದರೆ ಕೇಳುತ್ತಿದ್ದುದು ದಂಡಿನ ಕ್ಷೇಮ. ಧೂಳು ಹಿಡಿದಿದೆಯೇ, ಹಲ್ಲಿ ಓಡಾಡುತ್ತದೆಯೇ. ಒಂದು ಸಲ ಬೀರುವಿನ ಫೋಟೋ ತೆಗೆದು ಕಳಿಸಿದೆ. ಕೂಡಲೇ ಫೋನು ಬಂತು. "ಆನಿ ತೆಲಿ ಕೆಳಗಾಗೈತಲ್ಲವಾ. ಮ್ಯಾಲಿನ ಡ್ರೈವರು ನೆತ್ತರು ಇಳಿದು ಸತ್ತಾನು." ನಾನು ನಗುತ್ತಾ ಆನೆಯನ್ನು ತಿರುಗಿಸಿದೆ. ಇನ್ನೊಂದು ಸಲ ಫೋನಿನಲ್ಲೇ ಒಂದು ಆಟ ಆಡೋಣ, ಅವರ ಆಳುಗಳನ್ನೂ ನಾನೇ ನಡೆಸಬೇಕು, ಅಳೆಯುವುದು ಹೇಗೂ ನನ್ನ ಗೇಣೇ ಅಲ್ಲವೇ ಎಂದರು. ಶುರು ಮಾಡಿದೆವು. ನನಗೆ ಡ್ಯೂಟಿ, ಮನೆಗೆಲಸ, ಬಂದುಹೋಗುವವರು. ಅವರ ಕುದುರೆ ಎರಡು ಗೇಣು ಮುಂದೆ ಹೋಗಬೇಕಾದ ಸುತ್ತಿಗೆ ಆಟ ನಿಂತಿತು. ನಾಳೆ ಸಾಹೇಬ್ರ ಎನ್ನುತ್ತಾ ಹೋದೆ, ಆ ನಾಳೆ ಬರಲೇ ಇಲ್ಲ.

ಕೊನೆಯ ಸಲ ಅವರ ಮನೆಯಿಂದ ಹೊರಟಾಗ ಬಾಗಿಲವರೆಗೂ ಬಂದರು. ಅತ್ತಿಗೆಗೆ ಕೇಳದ ಹಾಗೆ, "ದಂಡು ಹಾದ್ಯಾಗೈತೇನವಾ?" ಎಂದರು.

"ಹಾದ್ಯಾಗೈತ್ರಿ ಸಾಹೇಬ್ರ," ಎಂದೆ. ತರುವ ಯೋಚನೆ ನನಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು ಎಂದು ಅವರು ತಲೆಯಾಡಿಸಿದ ರೀತಿಯಿಂದ ನನಗೆ ಅನ್ನಿಸಿತು. ಆದರೂ ಬಾಗಿಲಲ್ಲಿ ನಿಂತೇ ಇದ್ದರು.

ಊಟ ಮಾಡಿ ಕೈ ತೊಳೆಯಲು ಎದ್ದವರು ಕುಸಿದರಂತೆ. ಬಳ್ಳಾರಿಗೆ ಒಯ್ದರು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಅಲ್ಲಿನ ಡಾಕ್ಟರು. ಮತ್ತೆ ಎಚ್ಚರವಾಗಲಿಲ್ಲ. ಎದೆಯ ಯಂತ್ರ ಕೊನೆಯವರೆಗೂ ಸರಿಯಾಗಿಯೇ ಕೆಲಸ ಮಾಡಿತು ಎಂದು ಡಾಕ್ಟರು ಹೇಳಿದ್ದನ್ನು ನಾನೇ ನಿಂತು ಕೇಳಿಸಿಕೊಂಡೆ. ಅತ್ತಿಗೆ ಆ ಹೊತ್ತಿನಲ್ಲಿ ಏನನ್ನೂ ಕೇಳಿಸಿಕೊಳ್ಳುವ ಹಾಗಿರಲಿಲ್ಲ.

ದಿನಕರ್ಮವೆಲ್ಲ ಮುಗಿದು ನೆಂಟರು ಖಾಲಿಯಾದ ಮೇಲೆ ಅತ್ತಿಗೆ ನನ್ನನ್ನು ಬರಹೇಳಿದರು. ಹೋದೆ. ಮುಂಬಾಗಿಲು ಹಾಕಿ, ಸೆರಗಿನ ಗಂಟು ಬಿಚ್ಚಿ, ಏನನ್ನೋ ತೆಗೆದು ನೆಲದ ಮೇಲೆ ಇಟ್ಟು ದೂರ ಸರಿದು ಕೂತರು. ರೊಟ್ಟಿ ಬಡಿಯುವ ಹೆಂಗಸು. ನಾನು ಪೆಟ್ಟಿಗೆ ತುಂಬಿದ ದಿನ ಆ ಒಬ್ಬಳನ್ನು ಅತ್ತಿಗೆ ಬಚ್ಚಿಟ್ಟುಕೊಂಡಿದ್ದರು. ತನ್ನದೇ ಬೊಂಬೆ, ಬೇರೆ ಮನೆಗೆ ಯಾಕೆ ಹೋಗಲಿ ಎಂದು ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದರಂತೆ.

"ಅವರ ಮಾರಿ ನೋಡಾಕಾಗಲಿಲ್ಲವಾ. ಕಡೀಕ ಕೊಟ್ಟೆ. ಕೊಟ್ಟು ಎಂಟ ದಿನ ಆಗಿತ್ತು," ಎಂದರು ಅತ್ತಿಗೆ. "ಎದಿ ಹತ್ರ ಒಯ್ಯಲಿಲ್ಲ, ಆಣಿ ಮಾಡಿ ಹೇಳ್ತೀನಿ. ಮಂಚದ ಕಾಲ್ದೆಸಿ ಕಬ್ಬಿಣಕ್ಕ ಹಚ್ಚಿ ಇಟ್ಟಿದ್ರು. ಮಲಕ್ಕೊಂಡು ನೋಡ್ತಿದ್ರು. ನಗ್ತಿದ್ರು ತಂಗಿ, ಎಷ್ಟು ದಿನದ ಮ್ಯಾಲ ನಗ್ತಿದ್ರು. ಎಂಟು ದಿನಕ್ಕ ಹೋಗಿಬಿಟ್ರು. ನಾನಾ ಕೊಂದ್ನೇನವಾ?"

ತಲೆಯಲ್ಲಿ ರಕ್ತನಾಳ ಒಡೆದದ್ದು, ಯಂತ್ರ ಸರಿಯಾಗಿದ್ದದ್ದು, ಎಲ್ಲ ಹೇಳಿದೆ. ತಲೆಯಾಡಿಸಿದರು, ನಂಬಲಿಲ್ಲ. ಡಾಕ್ಟರ ಮಾತು ಅವರಿಗೆ ತಟ್ಟಲಿಲ್ಲ. ನೆಲದ ಮೇಲಿದ್ದ ರೊಟ್ಟಿಯವಳನ್ನು ಹಾವು ನೋಡಿದ ಹಾಗೆ ನೋಡುತ್ತಿದ್ದರು. ಅವರನ್ನು ಹಾಗೆ ಬಿಟ್ಟು ಬರುವುದು ನನ್ನಿಂದಾಗಲಿಲ್ಲ. ಎದ್ದು ಹೋಗಿ ಸಾಹೇಬರ ಮೇಜಿನ ಡ್ರಾಯರಿನಿಂದ ದಿಕ್ಸೂಚಿ ತಂದೆ.

"ಇಲ್ಲಿ ನೋಡ್ರಿ ಅತ್ತಿಗಿ," ಎಂದು ದಿಕ್ಸೂಚಿಯನ್ನು ನೆಲದ ಮೇಲಿಟ್ಟೆ. ರೊಟ್ಟಿಯವಳನ್ನು ಅದರ ಮಗ್ಗುಲಿಗೆ ತಂದಾಗ ಸೂಜಿ ಗಿರ್ರನೆ ತಿರುಗಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾಲ್ಕು ಬೆರಳು ದೂರ ಸರಿಸಿದೆ. ಸೂಜಿ ಓರೆಯಾಗಿಯೇ ನಿಂತಿತು. ಇನ್ನೂ ಸರಿಸಿದೆ. ಆಮೇಲೆ ದಿಕ್ಸೂಚಿಗೂ ಅವಳಿಗೂ ನಡುವೆ ನನ್ನ ಕೈ ಚಾಚಿ ಇಟ್ಟೆ. ಈ ಸಲ ಕಿರುಬೆರಳು ಮಡಚಲಿಲ್ಲ. ಆದರೂ ನನ್ನದು ಚಿಕ್ಕ ಕೈಯೇ. ರೊಟ್ಟಿಯವಳನ್ನು ಹಿಂದೆ ಮುಂದೆ ತಿರುಗಿಸಿದೆ, ಎತ್ತಿ ಮತ್ತೆ ಅಲ್ಲೇ ಇಟ್ಟೆ. ಸೂಜಿ ಅಲುಗಲಿಲ್ಲ.

"ನೋಡಿದ್ರಲ್ಲ. ಸೂಜಿನಾ ಹಂದಂಗಿಲ್ಲ, ಎದ್ಯಾಗಿನ ಯಂತ್ರಕ್ಕ ಏನು ಆಗ್ತೈತ್ರಿ? ಮಂಚದ ಕಾಲ್ದೆಸಿ ಅಂದ್ರ ಇದಕ್ಕಿಂತ ಎಷ್ಟು ದೂರ. ನೀವು ಏನೂ ಮಾಡಿಲ್ಲ. ನೀವು ಕೊಟ್ಟಿದ್ದಕ್ಕ ನಕ್ಕೊಂತ ಹೋಗ್ಯಾರ."

ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿತು. ಇದೇ ನೆಲದ ಮೇಲೆ, ಇದೇ ದಿಕ್ಸೂಚಿ ಇಟ್ಟುಕೊಂಡು, ಇದೇ ಮಾತನ್ನು ಅವರು ಹೇಳಲು ಬಂದಿದ್ದರು. ಅತ್ತಿಗೆಯ ಉಸಿರು ಮೊದಲು ಸಡಿಲವಾಯಿತು. ಆಮೇಲೆ ಸೂಜಿಯನ್ನು ನೋಡುವುದು ಬಿಟ್ಟು ನೆಲದ ಮೇಲೆ ಹಾಸಿದ್ದ ನನ್ನ ಕೈಯನ್ನು ನೋಡತೊಡಗಿದರು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಮತ್ತೆ ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ.

"ಇಷ್ಟಾ ಏನವಾ?" ಎಂದರು.

ಅತ್ತಿಗೆ ಮತ್ತೆ ಕೇಳಿದರು.

"ಇಷ್ಟಕ್ಕ ಅವರು ಅಷ್ಟು ದಿನ ಗ್ವಾಡಿ ನೋಡ್ಕೊಂತ ಕುಂತ್ರಾ?"

ಕೈ ಎತ್ತಿಕೊಳ್ಳಬೇಕೆನ್ನಿಸಿತು. ಅತ್ತಿಗೆ ನೋಡುತ್ತಲೇ ಇದ್ದರು, ಎತ್ತಲು ಆಗಲಿಲ್ಲ.

"ಹೌದ್ರಿ ಅತ್ತಿಗಿ," ಎಂದೆ. "ಇಷ್ಟಾ."